‘ಹಲೋ ಮಿಸ್ಟರ್’ ಆದ ಮೇಲಿನ ಮಾತು

ಇಂಡೊನೇಷ್ಯಾದ ಸಣ್ಣ ಊರೊಂದರ ಬೀದಿಯಲ್ಲಿ ಪರದೇಶದವರು ಯಾರಾದರೂ ನಡೆದು ಹೋದರೆ ಮಕ್ಕಳು “ಹಲೋ ಮಿಸ್ಟರ್” ಎಂದು ಕೂಗುತ್ತಾರೆ. ಎದುರಿಗಿರುವುದು ಹೆಂಗಸಾದರೂ ಮಿಸ್ಟರೇ. ತಿರುಗಿ ನಿಂತು ಮಾತಾಡಿಸಿದರೆ ನಕ್ಕು ಓಡಿಬಿಡುತ್ತಾರೆ.

“ಆ ಓಡಿಹೋಗೋ ಮಗೂನ ಎರಡನೇ ವಾಕ್ಯದ ತನಕ ನಿಲ್ಲಿಸಿಕೊಳ್ಳೋರು ಯಾರು? ನೀನಲ್ಲ ಕಣಪ್ಪ. ಅದರ ಮೇಷ್ಟ್ರು” ಎಂದರು ಹಿರಿಯಾಕೆ.

ಎದುರಿಗೆ ಕೂತಿದ್ದವನು ಅವರ ಹಳೆಯ ವಿದ್ಯಾರ್ಥಿ. ಈಗ ತಾನೂ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಹೇಳಿಕೊಡುತ್ತಾನೆ. ಜುಲೈನಲ್ಲಿ ಅಲ್ಲಿನ ಶಾಲೆಗಳು ತೆರೆಯುವ ಹೊತ್ತಿಗೆ ಪೂರ್ವ ಜಾವಾ ಸೇರಿ, ಒಂದು ವರ್ಷ ಅಲ್ಲಿನ ಮಕ್ಕಳಿಗೂ ಶಿಕ್ಷಕರಿಗೂ ನೆರವಾಗಬೇಕೆಂಬುದು ಅವನ ಆಸೆ. ಆಕೆಯೋ ಶಿಕ್ಷಕರ ತರಬೇತಿಯಲ್ಲೇ ಕೂದಲು ಬೆಳ್ಳಗಾದವರು. ಸುಮಾತ್ರಾದಿಂದ ಪಾಪುವಾವರೆಗೆ ತಿರುಗಿ ಇಂಗ್ಲಿಷ್ ಶಿಕ್ಷಕರ ಜೊತೆ ಕೆಲಸ ಮಾಡಿದವರು. ಅವನು ಆಟ, ಹಾಡು, ಚಟುವಟಿಕೆಗಳ ಮಾತೆತ್ತಿದಾಗಲೆಲ್ಲ ಆಕೆ ಮೇಜಿನ ಮೇಲೆ ಹರಡಿದ್ದ ನಕಾಶೆಯ ಕಡೆಗೇ ಬೆರಳು ತೋರಿಸುತ್ತಿದ್ದರು.

“ಮೊದಲು ದೇಶದ ಉದ್ದ ನೋಡು. ಪಶ್ಚಿಮದ ತುದಿಗೆ ಸಾಬಾಂಗ್, ಪೂರ್ವದ ತುದಿಗೆ ಮೆರೌಕೆ. ನಡುವೆ ಐದು ಸಾವಿರ ಕಿಲೋಮೀಟರಿಗೂ ಜಾಸ್ತಿ, 17 ಸಾವಿರಕ್ಕೂ ಮೇಲ್ಪಟ್ಟು ದ್ವೀಪಗಳು, ಮೂರು ಕಾಲವಲಯ. ಜಕಾರ್ತಾದಲ್ಲಿ ಕೂತೋರು ಮಧ್ಯಾಹ್ನ ಎರಡಕ್ಕೆ ಆನ್‌ಲೈನ್ ತರಬೇತಿ ಅಂತ ಸುತ್ತೋಲೆ ಕಳಿಸಿದರೆ ಪಾಪುವಾದಲ್ಲಿ ಆಗ ನಾಲ್ಕು ಗಂಟೆ. ಬೆಳಗ್ಗೆ ಏಳಕ್ಕೇ ಶಾಲೆ ಶುರುಮಾಡಿದ ಮೇಷ್ಟ್ರು ಆ ಹೊತ್ತಿಗೆ ಮನೆಯಲ್ಲಿರ್ತಾರೆ, ಮನೇಲಿ ಸಿಗ್ನಲ್ ಇರಲ್ಲ.”

“ನಾನೇ ಹೋಗ್ತೀನಲ್ಲ ಮೇಡಂ, ಅದಕ್ಕೇ ತಾನೇ ಹೊರಟಿರೋದು?”

“ಹೋಗು. ಆದರೆ ಜನವರಿ, ಫೆಬ್ರುವರಿಯಲ್ಲಿ ಪಶ್ಚಿಮದ ಮಾರುತ ಬೀಸೋವಾಗ ಮಲುಕು, ನುಸಾ ತೆಂಗಾರಾ ಕಡೆ ಸಮುದ್ರ ಒರಟಾಗುತ್ತೆ. ದೋಣಿ ಹೊರಡಲ್ಲ. ಸರ್ಕಾರದ ಪೆಲ್ನಿ ಹಡಗು ಬರೋದನ್ನ ಬಂದರಿನಲ್ಲಿ ಕಾಯಬೇಕು. ರಂಜಾನ್ ತಿಂಗಳಲ್ಲಿ ಶಾಲೆಯ ವೇಳೆಯೇ ಬೇರೆ. ಶುಕ್ರವಾರ ಮಧ್ಯಾಹ್ನದ ನಮಾಜಿಗೆ ಎಲ್ಲಾ ನಿಲ್ಲುತ್ತೆ. ನೀನು ಒಂದು ಶಾಲೆಗೆ ವರ್ಷಕ್ಕೆ ಎರಡು ಸಲ ಹೋದರೆ ಅದೇ ಹೆಚ್ಚು. ಉಳಿದ ದಿನ ಪಾಠ ನಡೆಸೋರು ಯಾರು ಅನ್ನೋದೇ ನನ್ನ ಪ್ರಶ್ನೆ.”

ಅವನಿಗೆ ಬೇರೆಯದೇ ಒಂದು ಅನುಮಾನವಿತ್ತು, ಅದು ಸಣ್ಣದಲ್ಲ. ಏಳುನೂರಕ್ಕೂ ಹೆಚ್ಚು ಭಾಷೆಗಳಿರುವ ದೇಶ ಅದು. ಹಳ್ಳಿಯ ಮಗು ಮನೆಯಲ್ಲಿ ಒಂದು ಭಾಷೆ ಆಡುತ್ತದೆ, ಶಾಲೆಯಲ್ಲಿ ಇಂಡೊನೇಷ್ಯನ್ ಕಲಿಯುತ್ತದೆ, ಮದ್ರಸಾಕ್ಕೆ ಹೋದರೆ ಅರಬ್ಬಿ. ಅದರ ಮೇಲೆ ಇಂಗ್ಲಿಷನ್ನೂ ಹೇರಲು ವಿಮಾನ ಹತ್ತಿ ಹೋಗುವುದು ನ್ಯಾಯವೇ ಎಂದು ಕೇಳಿದ.

“ಈ ಪ್ರಶ್ನೆ ಇಟ್ಟುಕೊಂಡೇ ಹೋಗು, ಬಿಟ್ಟು ಹೋಗಬೇಡ” ಎಂದರು ಆಕೆ. ಧ್ವನಿಯಲ್ಲಿ ಮೆಚ್ಚುಗೆಯಿತ್ತು. “ಅವರು ಭಾಷೆ ವಿಷಯದಲ್ಲಿ ಎಚ್ಚರ ಇಲ್ಲದ ಜನ ಅಲ್ಲ. ಸ್ವಾತಂತ್ರ್ಯ ಬರೋದಕ್ಕೆ 17 ವರ್ಷ ಮೊದಲೇ, 1928ರ ಅಕ್ಟೋಬರ್ 28ಕ್ಕೆ, ಯುವಕರೆಲ್ಲ ಸೇರಿ ಒಂದು ನಾಡು, ಒಂದು ಜನ, ಒಗ್ಗಟ್ಟಿನ ಭಾಷೆ ಇಂಡೊನೇಷ್ಯನ್ ಅಂತ ಪ್ರತಿಜ್ಞೆ ಮಾಡಿದರು. ಅತಿ ಹೆಚ್ಚು ಜನ ಆಡ್ತಿದ್ದದ್ದು ಜಾವಾನೀಸ್. ಅದನ್ನ ಬಿಟ್ಟು, ಬಂದರುಗಳಲ್ಲಿ ವ್ಯಾಪಾರಕ್ಕೆ ಎಲ್ಲರೂ ಬಳಸ್ತಿದ್ದ ಮಲಯ್ ಭಾಷೇನ ಆರಿಸಿಕೊಂಡರು. ದೊಡ್ಡ ಸಮುದಾಯದೋರು ತಮ್ಮದೇ ಆಗಬೇಕು ಅಂತ ಹಟ ಹಿಡೀಲಿಲ್ಲ. ಇಷ್ಟು ತಿಳಿದ ಜನಕ್ಕೆ ಇಂಗ್ಲಿಷ್ ಬೇಕೋ ಬೇಡವೋ ಅಂತ ನಾನು, ನೀನು ತೀರ್ಮಾನ ಮಾಡೋದೇನಿದೆ?”

ಇಂಡೊನೇಷ್ಯಾದಲ್ಲಿ ಇಂಗ್ಲಿಷ್ ಆಳಿದವರ ಭಾಷೆಯಾಗಿ ಬಂದದ್ದಲ್ಲ. ನಮಗೂ ಅವರಿಗೂ ಇರುವ ದೊಡ್ಡ ವ್ಯತ್ಯಾಸ ಅದು. ಆಳಿದವರು ಡಚ್ಚರು, ತಮ್ಮ ಭಾಷೆಯನ್ನು ಅವರು ಕಲಿಸಿದ್ದು ಮೇಲ್ವರ್ಗದ ಕೆಲವೇ ಮಕ್ಕಳಿಗೆ. 1942ರಲ್ಲಿ ಬಂದ ಜಪಾನೀಯರು ಡಚ್ ಭಾಷೆಯನ್ನೇ ನಿಷೇಧಿಸಿದರು. 1945ರ ನಂತರ ಹೊಸ ಗಣರಾಜ್ಯ ಹೊರಗಿನ ಪ್ರಪಂಚದೊಡನೆ ಮಾತಾಡಲು ಒಂದು ಭಾಷೆ ಹುಡುಕಿದಾಗ ಡಚ್ಚನ್ನು ಬಿಟ್ಟು ಇಂಗ್ಲಿಷನ್ನು ಶಾಲೆಗೆ ತಂದಿತು. ಹಾಗೆಂದು ಕಣ್ಣುಮುಚ್ಚಿ ಅಪ್ಪಿಕೊಳ್ಳಲಿಲ್ಲ. ಗಣಿತ, ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಹೇಳುವ ‘ಅಂತರರಾಷ್ಟ್ರೀಯ ಮಟ್ಟದ’ ಸರ್ಕಾರಿ ಶಾಲೆಗಳನ್ನು ಸರ್ಕಾರ ಕಾನೂನು ಮಾಡಿ ತೆರೆದಿತ್ತು. ಪೋಷಕರು ನ್ಯಾಯಾಲಯಕ್ಕೆ ಹೋದರು. 2013ರ ಜನವರಿಯಲ್ಲಿ ಸಂವಿಧಾನ ನ್ಯಾಯಾಲಯ ಆ ಕಲಮನ್ನೇ ರದ್ದು ಮಾಡಿತು: ಇಂಥ ಶಾಲೆಗಳು ಉಳ್ಳವರ ಮತ್ತು ಇಲ್ಲದವರ ಮಕ್ಕಳನ್ನು ಬೇರೆ ಮಾಡುತ್ತವೆ, ರಾಷ್ಟ್ರಭಾಷೆಯ ಅಭಿಮಾನವನ್ನು ಕುಂದಿಸುತ್ತವೆ ಎಂಬುದು ಅದರ ತರ್ಕ. ಮಾಧ್ಯಮವಾಗಿ ಬೇಡ, ವಿಷಯವಾಗಿ ಇರಲಿ ಎಂಬ ಈ ನಿಲುವು ಕನ್ನಡದ ಓದುಗರಿಗೆ ಹೊಸದಾಗಿ ವಿವರಿಸಬೇಕಾದದ್ದಲ್ಲ.

“ಸರಿ ಮೇಡಂ, ಇಂಗ್ಲಿಷ್ ಬೇಕು ಅಂತಲೇ ಇಟ್ಟುಕೊಳ್ಳೋಣ. ಆದರೆ ಅವರು ಕಾಯ್ತಿರೋದು ಅಮೆರಿಕದೋರನ್ನ, ಇಂಗ್ಲೆಂಡಿನೋರನ್ನ. ನನ್ನ ಮುಖ, ನನ್ನ ಉಚ್ಚಾರಣೆ ನೋಡಿ ಮುಖ ಸಪ್ಪೆ ಮಾಡಿಕೊಂಡರೆ?”

“ಮಾಡಿಕೊಳ್ತಾರೆ, ಮೊದಲ ದಿನ. ಆಸಿಯಾನ್ ಸಂಘದ ಕಚೇರಿ ಎಲ್ಲಿದೆ ಗೊತ್ತಲ್ಲ? ಜಕಾರ್ತಾದಲ್ಲೇ. ಅದರ ಸನ್ನದಿನ 34ನೇ ವಿಧಿಯಲ್ಲಿ ಸಂಘದ ವ್ಯವಹಾರ ಭಾಷೆ ಇಂಗ್ಲಿಷ್ ಅಂತ ಬರೆದಿದೆ. ಅಂದರೆ ಇಂಡೊನೇಷ್ಯಾದ ಹುಡುಗಿ ನಾಳೆ ಇಂಗ್ಲಿಷ್ ಆಡೋದು ಥಾಯ್ಲೆಂಡಿನೋರ ಜೊತೆ, ವಿಯೆಟ್ನಾಮಿನೋರ ಜೊತೆ, ಇಲ್ಲ ಹಡಗಿನಲ್ಲಿ ಫಿಲಿಪೀನ್ಸಿನ ನಾವಿಕನ ಜೊತೆ. ಅವರ್ಯಾರಿಗೂ ಅದು ತಾಯಿನುಡಿ ಅಲ್ಲ. ಕಷ್ಟಪಟ್ಟು ಕಲಿತೋನೊಬ್ಬ ಎದುರಿಗೆ ನಿಂತು ಪಾಠ ಮಾಡಿದರೆ ಆ ಹುಡುಗಿಗೆ ‘ನನಗೂ ಆಗುತ್ತೆ’ ಅನ್ನಿಸುತ್ತೆ. ಅದನ್ನ ಲಂಡನ್ನಿನೋನು ಕೊಡೋಕಾಗಲ್ಲ.”

ಕಲಿತವನಿಗೆ ಇನ್ನೊಂದು ಅನುಕೂಲವೂ ಇದೆ. ತಪ್ಪು ಎಲ್ಲಿಂದ ಹುಟ್ಟುತ್ತದೆ ಎಂದು ಅವನು ಹುಡುಕುತ್ತಾನೆ. ಅಕ್ಕನ ಬಗ್ಗೆ ಬರೆಯುವಾಗಲೂ ಇಂಡೊನೇಷ್ಯಾದ ಮಗು ‘ಹೀ’ ಎಂದೇ ಬರೆಯಬಹುದು. ಅದರ ಭಾಷೆಯಲ್ಲಿ ಅವನಿಗೂ ಅವಳಿಗೂ ಒಂದೇ ಸರ್ವನಾಮ. ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದೂ ಇಲ್ಲ. ‘ಆಗಲೇ’, ‘ಇನ್ನೂ ಇಲ್ಲ’ ಎಂಬಂಥ ಪದಗಳೇ ಕಾಲವನ್ನು ಹೇಳುತ್ತವೆ. ಲಿಪಿ ರೋಮನ್ನೇ ಆದರೂ ಬರೆದಂತೆ ಓದುವ ರೂಢಿ, ಹಾಗಾಗಿ ಇಂಗ್ಲಿಷಿನ ಕಾಗುಣಿತ ಅವರಿಗೆ ದೊಡ್ಡ ಮೋಸದಂತೆ ಕಾಣುತ್ತದೆ. ಕನ್ನಡದಿಂದ ಹೋದ ಮೇಷ್ಟ್ರಿಗೆ ಈ ಮೂರರಲ್ಲಿ ಮೊದಲೆರಡು ತನ್ನ ತರಗತಿಯಲ್ಲಿ ಕಂಡಿರದ ತೊಡಕುಗಳು. ಆದ್ದರಿಂದ ಹೊರಡುವ ಮೊದಲು ಇಂಡೊನೇಷ್ಯನ್ ಕಲಿ ಎಂದು ಆಕೆ ಒತ್ತಿ ಹೇಳಿದರು. ಅವನು ಮೂರು ತಿಂಗಳು ಸಾಕೇ ಎಂದ. ದಿನಾ ಕೂತರೆ ಬಸ್ಸು ಹಿಡಿಯುವಷ್ಟು, ಶಿಕ್ಷಕರ ಕೊಠಡಿಯ ಮಾತು ಅರ್ಥವಾಗುವಷ್ಟು ಬರುತ್ತದೆ ಎಂದರು.

ಮಾತು ಪಾರೆಯ ಕಡೆ ತಿರುಗಿತು. ಅವನು ಹೋಗಲಿರುವ ಪೂರ್ವ ಜಾವಾದಲ್ಲೇ, ಕೆದಿರಿ ಜಿಲ್ಲೆಯಲ್ಲಿರುವ ಪುಟ್ಟ ಪಟ್ಟಣ ಅದು. ಮಾನವಶಾಸ್ತ್ರ ಓದಿದವರು ಇದನ್ನು ಬೇರೆ ಹೆಸರಿನಲ್ಲಿ ಬಲ್ಲರು: ಕ್ಲಿಫರ್ಡ್ ಗೀರ್ಟ್ಸ್ 1950ರ ದಶಕದ ಮೊದಲಲ್ಲಿ ಇಲ್ಲಿದ್ದು ಜಾವಾದ ಧರ್ಮಾಚರಣೆಗಳ ಬಗ್ಗೆ ಬರೆದಾಗ ಊರಿನ ಹೆಸರು ಮರೆಸಿ ‘ಮೊಜೊಕುತೊ’ ಎಂದು ಕರೆದಿದ್ದರು. ಇವತ್ತು ಇಂಡೊನೇಷ್ಯಾದ ಯುವಕರಿಗೆ ಪಾರೆ ಎಂದರೆ ‘ಕಂಪುಂಗ್ ಇಂಗ್ರಿಸ್’, ಇಂಗ್ಲಿಷ್ ಹಳ್ಳಿ.

“ಅದನ್ನ ಶುರುಮಾಡಿದೋರು ಕಲೆಂಡ್ ಓಸೆನ್ ಅಂತ. ಬೋರ್ನಿಯೊದ ಕುತಾಯಿ ಕಡೆಯೋರು. ಗೊಂತೊರ್ ಅನ್ನೋ ಹೆಸರಾಂತ ಇಸ್ಲಾಮಿಕ್ ವಸತಿ ಶಾಲೆಗೆ ಸೇರಿದರು, ದುಡ್ಡಿಲ್ಲದೆ ಓದು ಅರ್ಧಕ್ಕೆ ನಿಂತಿತು. ಪಾರೆಯಲ್ಲಿ ಹಲವು ಭಾಷೆ ಬಲ್ಲ ಗುರುಗಳೊಬ್ಬರಿದ್ದಾರೆ ಅಂತ ಕೇಳಿ ಅಲ್ಲಿಗೆ ಬಂದರು. ಒಂದು ದಿನ ಸುರಬಾಯದಿಂದ ಇಬ್ಬರು ಕಾಲೇಜು ಹುಡುಗರು ಇಂಗ್ಲಿಷ್ ಪರೀಕ್ಷೆಗೆ ಪಾಠ ಹೇಳಿಸಿಕೊಳ್ಳೋಕೆ ಆ ಗುರುಗಳನ್ನ ಹುಡುಕಿಕೊಂಡು ಬಂದರು. ಗುರುಗಳು ಊರಲ್ಲಿರಲಿಲ್ಲ. ಓಸೆನ್ನೇ ಮಸೀದಿಯಲ್ಲಿ ಕೂರಿಸಿಕೊಂಡು ಹೇಳಿಕೊಟ್ಟರು. ಇಬ್ಬರೂ ಪಾಸಾದರು. ಆ ಸುದ್ದಿ ಹಬ್ಬಿತು, 1977ರಲ್ಲಿ ಬೆರಳೆಣಿಕೆಯ ವಿದ್ಯಾರ್ಥಿಗಳನ್ನಿಟ್ಟುಕೊಂಡು ತರಗತಿ ಶುರುವಾಯ್ತು.”

“ಈಗ?”

“ಈಗ ನೂರಕ್ಕೂ ಮೇಲ್ಪಟ್ಟು ಕಲಿಕಾ ಕೇಂದ್ರಗಳು. ಎಷ್ಟೋ ಕೇಂದ್ರ ಅವರ ಶಿಷ್ಯರೇ ತೆರೆದಿದ್ದು. ಪ್ರತಿ ತಿಂಗಳು 10ಕ್ಕೆ, 25ಕ್ಕೆ ಹೊಸ ತಂಡ ಸೇರುತ್ತೆ. ಊರಿನೋರು ಮನೆಯಲ್ಲಿ ಕೊಠಡಿ ಬಾಡಿಗೆಗೆ ಕೊಡ್ತಾರೆ, ಸೈಕಲ್ ಬಾಡಿಗೆಗೆ ಕೊಡ್ತಾರೆ. ‘ಕ್ಯಾಂಪ್’ ಅಂತ ಕರೆಯೋ ವಸತಿಗಳಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದರೆ ಸಣ್ಣ ಶಿಕ್ಷೆ. ಓಸೆನ್ 2023ರಲ್ಲಿ ತೀರಿಕೊಂಡರು. ಇಷ್ಟೆಲ್ಲ ಕಟ್ಟೋಕೆ ಒಬ್ಬ ಪರದೇಶದೋನು ಬೇಕಾಗಲಿಲ್ಲ ನೋಡು.”

ಓಸೆನ್ ಓದು ಬಿಟ್ಟ ಗೊಂತೊರ್ ಶಾಲೆಯದೂ ಹೇಳಬೇಕಾದ ಕಥೆ. ಪೊನೊರೊಗೊ ಜಿಲ್ಲೆಯಲ್ಲಿ 1926ರಲ್ಲಿ ಹುಟ್ಟಿದ ಆ ಶಾಲೆಯಲ್ಲಿ ಹುಡುಗರು ದಿನವಿಡೀ ಅರಬ್ಬಿ ಮತ್ತು ಇಂಗ್ಲಿಷನ್ನು ಸರದಿಯ ಮೇಲೆ ಆಡಬೇಕು. ನಿಯಮ ಮುರಿದವರ ವಿಚಾರಣೆ ಹಿರಿಯ ವಿದ್ಯಾರ್ಥಿಗಳ ಮುಂದೆ. ಅಲ್ಲಿ ಕಲಿತ ಅಹ್ಮದ್ ಫುಆದಿ ಆ ಅನುಭವದಿಂದಲೇ ಬರೆದ ಕಾದಂಬರಿ 2009ರಲ್ಲಿ ಬಂದು ದೇಶಾದ್ಯಂತ ಓದಿಸಿಕೊಂಡಿತು. ಇಂಗ್ಲಿಷ್ ಕಲಿಕೆ ಎಂದರೆ ಪಟ್ಟಣದ ಹವಾನಿಯಂತ್ರಿತ ಕೋಣೆ ಎಂದುಕೊಂಡವರು ಈ ಎರಡು ಊರುಗಳನ್ನು ನೋಡಬೇಕು.

“ಹಾಗಿದ್ದರೆ ಉತ್ತರ ಸಿಕ್ಕಿತಲ್ಲ ಮೇಡಂ! ಎಲ್ಲರನ್ನೂ ಪಾರೆಗೆ ಕಳಿಸಿದರಾಯ್ತು.”

“ಯಾರ ದುಡ್ಡಲ್ಲಿ? ತಿಮೋರಿನ ಮೀನುಗಾರನ ಮಗಳು ವಿಮಾನ ಹತ್ತಿ ಪಾರೆಗೆ ಬರ್ತಾಳಾ? ಅವಳಿಗಿರೋದು ಒಂದೇ ಶಾಲೆ, ಒಬ್ಬರೇ ಇಂಗ್ಲಿಷ್ ಮೇಡಂ. ಆ ಮೇಡಂ ಎಷ್ಟೋ ಕಡೆ ಖಾಯಂ ಕೂಡ ಅಲ್ಲ. ಗುರು ಹೊನೊರೆರ್ ಅಂತಾರೆ, ನಮ್ಮ ಅತಿಥಿ ಶಿಕ್ಷಕರ ಹಾಗೆ. ಪಾರೆ ಕಲಿಸಿದ್ದು ಒಂದು ವಿಷಯ. ನಾಚಿಕೆ ಬಿಡೋಕೆ ಜೊತೆಯೋರು ಬೇಕು, ಎಲ್ಲರೂ ತಪ್ಪು ಮಾಡೋ ಜಾಗ ಬೇಕು. ಆ ಜಾಗಾನ ಅವಳ ತರಗತಿಯೊಳಗೇ ಹೇಗೆ ಮಾಡೋದು ಅನ್ನೋದು ಆ ಮೇಡಂಗೆ ತೋಚಬೇಕು.”

ಇಲ್ಲಿಂದ ಆಕೆ ತಮ್ಮ ಮೆಚ್ಚಿನ ವಿಷಯಕ್ಕೆ ಬಂದರು. ಇಂಡೊನೇಷ್ಯಾದ ಪ್ರತಿ ಜಿಲ್ಲೆಯಲ್ಲೂ ವಿಷಯವಾರು ಶಿಕ್ಷಕರ ಕೂಟವೊಂದಿರುತ್ತದೆ. ಎಂಜಿಎಂಪಿ ಎಂದು ಹೆಸರು. ಹಲವು ಜಿಲ್ಲೆಗಳಲ್ಲಿ ಇಂಗ್ಲಿಷ್ ಶಿಕ್ಷಕರಿಗೆಲ್ಲ ವಾರದ ಒಂದೇ ದಿನ ಪಾಠದಿಂದ ಬಿಡುವು ಕೊಟ್ಟಿರುತ್ತಾರೆ, ಸಭೆ ಸೇರಲಿ ಎಂದು. ನಮ್ಮ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯನ್ನು ಬಲ್ಲವರಿಗೆ ಇದರ ಸ್ವರೂಪ ಅರ್ಥವಾಗುತ್ತದೆ. ಹೊರಗಿನಿಂದ ಹೋದ ಅನೇಕರಿಗೆ ಈ ಕೂಟದ ಬೆಲೆ ತಿಳಿಯುವುದಿಲ್ಲ ಎಂಬುದು ಆಕೆಯ ದೂರು. ತಾವೇ ಹೊಸ ಕಾರ್ಯಾಗಾರ ಏರ್ಪಡಿಸಿ, ಹೋಟೆಲಿನ ಸಭಾಂಗಣ ಹಿಡಿದು, ಮೂರು ದಿನ ಮಾತಾಡಿ ವಿಮಾನ ಹತ್ತುತ್ತಾರೆ.

“ಕೂಟದ ಸಭೆಗೆ ಹೋದರೆ ಮೊದಲು ರಾಷ್ಟ್ರಗೀತೆ, ಆಮೇಲೆ ಪ್ರಾರ್ಥನೆ, ಆಮೇಲೆ ಶಿಕ್ಷಣ ಇಲಾಖೆಯೋರ ಭಾಷಣ. ಪ್ರತಿಯೊಬ್ಬರಿಗೂ ರಟ್ಟಿನ ಡಬ್ಬಿಯಲ್ಲಿ ತಿಂಡಿ. ಗುಂಪು ಫೋಟೊ. ಕೊನೆಗೆ ಎಷ್ಟು ಗಂಟೆ ತರಬೇತಿ ಅಂತ ನಮೂದಿಸಿದ ಪ್ರಮಾಣಪತ್ರ. ಬಡ್ತಿಗೆ ಅದು ಬೇಕು. ನಡುನಡುವೆ ಎದ್ದು ನಿಂತು ಚಪ್ಪಾಳೆ ಆಟ, ಹಾಡು.”

“ಪಾಠಕ್ಕೆ ಸಮಯ ಎಲ್ಲಿ ಉಳಿಯುತ್ತೆ ಮೇಡಂ?”

“ಹೊಸಬರೆಲ್ಲ ಇದನ್ನೇ ಕೇಳ್ತಾರೆ. ಆ ಚಪ್ಪಾಳೆ ಆಟ ಇದೆಯಲ್ಲ, ಐವತ್ತು ದಾಟಿದ ಮೇಷ್ಟ್ರು ಮೊನ್ನೆ ಸೇರಿದ ಹುಡುಗಿಯ ಎದುರಿಗೆ ಕುಣೀತಾರೆ. ಅದಾದ ಮೇಲೆ ಇಂಗ್ಲಿಷಿನಲ್ಲಿ ತಪ್ಪು ಮಾತಾಡೋಕೆ ಅವರಿಗೆ ಸಂಕೋಚ ಇರಲ್ಲ. ಮಕ್ಕಳಿಗೂ ಅದನ್ನೇ ಮಾಡಿಸ್ತಾರೆ. ಹೊರಗಿನ ತಜ್ಞರು ಹೊತ್ತು ತಂದಿದ್ದಲ್ಲ ಅದು, ಅವರದೇ ರೂಢಿ. ನನ್ನ ಕೇಳಿದರೆ ಅವರ ಹತ್ತಿರ ಇರೋದರಲ್ಲೇ ಅತ್ಯಂತ ಒಳ್ಳೆ ಉಪಾಯ.”

ಸಂಬಳ ಹೆಚ್ಚಿಸಿದರೆ ಶಿಕ್ಷಕರು ತಾವಾಗಿ ಚೆನ್ನಾಗಿ ಕಲಿಸುವುದಿಲ್ಲವೇ ಎಂದು ಅವನು ಕೇಳಿದ. ಇದಕ್ಕೆ ಇಂಡೊನೇಷ್ಯಾವೇ ಜಗತ್ತಿಗೆ ಒಂದು ಪಾಠ ಒದಗಿಸಿದೆ. ಅಲ್ಲಿನ ಸಂವಿಧಾನ ಬಜೆಟ್ಟಿನ ಶೇ 20ರಷ್ಟನ್ನು ಶಿಕ್ಷಣಕ್ಕೆ ಮೀಸಲಿಡಬೇಕೆನ್ನುತ್ತದೆ. 2005ರ ಶಿಕ್ಷಕರ ಕಾಯ್ದೆ, ಅರ್ಹತಾ ಪ್ರಮಾಣಪತ್ರ ಪಡೆದವರಿಗೆ ಮೂಲ ವೇತನದಷ್ಟೇ ಭತ್ಯೆಯನ್ನೂ ಕೊಟ್ಟು ಸಂಬಳ ದುಪ್ಪಟ್ಟು ಮಾಡಿತು. ಇದರ ಪರಿಣಾಮವನ್ನು 360 ಶಾಲೆಗಳಲ್ಲಿ ಪರೀಕ್ಷಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಶಿಕ್ಷಕರ ಹಣದ ಚಿಂತೆ ಕಡಿಮೆಯಾಗಿತ್ತು, ಎರಡನೇ ದುಡಿಮೆ ಹಿಡಿಯುವುದೂ ತಗ್ಗಿತ್ತು. ಮಕ್ಕಳ ಕಲಿಕೆ ಮಾತ್ರ ಹಿಂದಿನಷ್ಟೇ ಇತ್ತು.

“ಇದನ್ನ ಓದಿ ಮೇಷ್ಟ್ರುಗಳು ಸೋಮಾರಿಗಳು ಅನ್ನಬೇಡ” ಎಂದು ಆಕೆ ತಕ್ಷಣ ಎಚ್ಚರಿಸಿದರು. “ಒಳ್ಳೆ ಸಂಬಳ ಅವರ ಹಕ್ಕು. ಆದರೆ ನಾಳೆ ಬೆಳಗ್ಗೆ ಏಳಕ್ಕೆ 35 ಮಕ್ಕಳ ಮುಂದೆ ನಿಂತಾಗ ಇವತ್ತು ಮಾಡಿದ್ದಕ್ಕಿಂತ ಬೇರೆ ಏನು ಮಾಡಲಿ ಅನ್ನೋದಕ್ಕೆ ಸಂಬಳದಲ್ಲಿ ಉತ್ತರ ಇರಲ್ಲ. ಪಕ್ಕದ ಶಾಲೆಯ ಮೇಷ್ಟ್ರು ‘ನಾನು ಹೀಗೆ ಮಾಡಿದೆ, ಕೆಲಸ ಮಾಡಿತು’ ಅಂದರೆ ಅದರಲ್ಲಿ ಇರುತ್ತೆ. ಪಠ್ಯಕ್ರಮವೂ ನಿಂತಲ್ಲಿ ನಿಂತಿಲ್ಲ. 1975, 1984, 1994, 2004, 2006, 2013, 2022. ಒಬ್ಬ ಮೇಷ್ಟ್ರ ಒಂದು ಸೇವಾವಧಿಯಲ್ಲೇ ನಾಲ್ಕೈದು ಸಲ ಎಲ್ಲಾ ಬದಲು.”

ಅವನು ತನ್ನ ಆಟ, ಚಟುವಟಿಕೆಗಳ ಗಂಟನ್ನು ಮತ್ತೆ ಬಿಚ್ಚಿದ. ಹಾಗಾದರೆ ಇವೆಲ್ಲ ವ್ಯರ್ಥವೇ?

“ಯಾಕೆ ವ್ಯರ್ಥ? ಬೆಂಗಳೂರಿನದೇ ಒಂದು ವಿಚಾರ ಇದೆ, ಅದನ್ನ ತಗೊಂಡು ಹೋಗು. ಎನ್.ಎಸ್. ಪ್ರಭು 1979ರಿಂದ 84ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿದ ಪ್ರಯೋಗ. ಪ್ರಪಂಚವೆಲ್ಲ ಬೆಂಗಳೂರು ಪ್ರಾಜೆಕ್ಟ್ ಅಂತಲೇ ಕರೆಯುತ್ತೆ. ವ್ಯಾಕರಣದ ನಿಯಮ ಹೇಳೋ ಬದಲು ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿ ಇಟ್ಟು, ಈ ಊರಿಗೆ ಇಷ್ಟು ಹೊತ್ತಿಗೆ ಸೇರಬೇಕಾದರೆ ಯಾವ ಗಾಡಿ ಹಿಡೀಬೇಕು ಅಂತ ಯೋಚನೆ ಮಾಡಿಸೋದು. ನೀನು ರೈಲಿನ ಜಾಗದಲ್ಲಿ ಪೆಲ್ನಿ ಹಡಗಿನ ವೇಳಾಪಟ್ಟಿ ಇಡು. ದ್ವೀಪದ ಮಕ್ಕಳು ಅದನ್ನ ನಿನಗಿಂತ ಬೇಗ ಬಿಡಿಸ್ತಾರೆ. ಅದೇ ಪ್ರಭು 1990ರಲ್ಲಿ ಬರೆದ ಪ್ರಬಂಧವನ್ನೂ ಓದು. ಅತ್ಯುತ್ತಮ ಬೋಧನಾ ವಿಧಾನ ಅಂತ ಒಂದಿಲ್ಲ, ತನ್ನ ಪಾಠ ಹೇಗೆ ಕಲಿಕೆಯಾಗುತ್ತೆ ಅನ್ನೋ ಬಗ್ಗೆ ಶಿಕ್ಷಕನಿಗೇ ಒಂದು ನಂಬಿಕೆ, ಒಂದು ತಿಳಿವಳಿಕೆ ಇರಬೇಕು ಅಂತ ವಾದಿಸ್ತಾರೆ.”

ಇಂಗ್ಲಿಷ್ ಕಲಿಸುತ್ತಾ ಅಲ್ಲಿನ ಬದುಕಿನಲ್ಲಿ ಬೇರೂರಿದವರ ಉದಾಹರಣೆಯೂ ಇದೆ. 1960ರ ದಶಕದ ಕೊನೆಯಲ್ಲಿ ಜಕಾರ್ತಾದ ಕಲಿಕಾ ಕೇಂದ್ರವೊಂದರಲ್ಲಿ ಆ್ಯನ್ ಡನಮ್ ಎಂಬ ಅಮೆರಿಕದ ತರುಣಿ ವಯಸ್ಕರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಮಗನನ್ನು ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸಿ, ಇಂಡೊನೇಷ್ಯನ್ ಶಾಲೆಗೆ ಹೋಗುವ ಮೊದಲು ಅವನಿಗೂ ಇಂಗ್ಲಿಷ್ ಪಾಠ. ಆ ಹುಡುಗ ಬರಾಕ್ ಒಬಾಮ. ತಾಯಿ ಮುಂದೆ ಜಾವಾದ ಹಳ್ಳಿಗಳಲ್ಲಿ ಕಮ್ಮಾರರ ಕುಲುಮೆಗಳ ಪಕ್ಕ ವರ್ಷಗಟ್ಟಲೆ ಕೂತು, ಅವರ ದುಡಿಮೆಯ ಮೇಲೆಯೇ 1992ರಲ್ಲಿ ಡಾಕ್ಟರೇಟ್ ಪಡೆದರು.

ಮುಂದಿನ ದೊಡ್ಡ ಸವಾಲು ಪ್ರಾಥಮಿಕ ಶಾಲೆಯದು. 2013ರ ಪಠ್ಯಕ್ರಮ ಅಲ್ಲಿ ಇಂಗ್ಲಿಷಿಗೆ ಜಾಗ ಕೊಟ್ಟಿರಲಿಲ್ಲ. 2024ರ ನಿಯಮದಂತೆ 2027–28ರ ಶೈಕ್ಷಣಿಕ ವರ್ಷದಿಂದ ಅದು ಕಡ್ಡಾಯ ವಿಷಯವಾಗಲಿದೆ. ಸುಮಾರು ಒಂದೂವರೆ ಲಕ್ಷ ಪ್ರಾಥಮಿಕ ಶಾಲೆಗಳಿರುವ ದೇಶದಲ್ಲಿ ಇದನ್ನು ಕಲಿಸಬೇಕಾದವರಲ್ಲಿ ಬಹುಪಾಲು ಎಲ್ಲ ವಿಷಯಗಳನ್ನೂ ಒಬ್ಬರೇ ಹೇಳುವ ತರಗತಿ ಶಿಕ್ಷಕರು.

“ಇಂಗ್ಲಿಷ್ ಬಾರದೋರು ಇಂಗ್ಲಿಷ್ ಕಲಿಸಿದರೆ ಎಂಟು ವರ್ಷದ ಮಗುವಿನ ನಾಲಿಗೆ ಮೇಲೆ ತಪ್ಪೇ ಗಟ್ಟಿಯಾಗಲ್ವಾ ಮೇಡಂ? ನಮ್ಮಲ್ಲಿ ನಾವೇ ಕಂಡಿದ್ದೀವಲ್ಲ.”

ಆಕೆ ಕೂಡಲೇ ಉತ್ತರಿಸಲಿಲ್ಲ. ಆತಂಕ ನಿಜವಾದದ್ದೇ ಎಂದು ಒಪ್ಪಿಕೊಂಡರು. “ಆದರೆ ಆ ತರಗತಿ ಶಿಕ್ಷಕಿಗೆ ಮಕ್ಕಳ ಮನಸ್ಸು ಗೊತ್ತು, ಕಥೆ ಹೇಳೋಕೆ ಬರುತ್ತೆ. ಕಾಂಚಿಲ್ ಅನ್ನೋ ಪುಟ್ಟ ಜಿಂಕೆ ಮೊಸಳೇನ ಯಾಮಾರಿಸೋ ಕಥೆ ಅಲ್ಲಿನ ಪ್ರತಿ ಮಗುವಿಗೂ ಗೊತ್ತು. ಅಂಥ ಹತ್ತು ಕಥೆ ಸರಳ ಇಂಗ್ಲಿಷಿನಲ್ಲಿ, ಒಳ್ಳೆ ಧ್ವನಿಮುದ್ರಣದ ಜೊತೆ ಅವಳ ಕೈಗೆ ಕೊಡಬೇಕು. ‘ಕೂತ್ಕೊಳ್ಳಿ’, ‘ಪುಸ್ತಕ ತೆಗೀರಿ’, ‘ಇನ್ನೊಂದು ಸಲ ಹೇಳಿ’ ಅನ್ನೋ ದಿನಬಳಕೆಯ ಇಂಗ್ಲಿಷ್ ಅವಳ ಬಾಯಲ್ಲಿ ಹರಿಯೋ ಹಾಗೆ ಮಾಡಬೇಕು. ವರ್ಷಪೂರ್ತಿ ನೀನು ಇದೊಂದೇ ಮಾಡಿದರೂ ಸಾಕು.”

“ಅವರನ್ನ ಹುಡುಕೋದು ಎಲ್ಲಿ? ಎಂಜಿಎಂಪಿಯಲ್ಲಿ ಪ್ರಾಥಮಿಕದೋರು ಇರ್ತಾರಾ?”

“ಇಲ್ಲ. ಅವರ ಕೂಟ ಬೇರೆ, ಕೆಕೆಜಿ ಅಂತ. ಎರಡೂ ಕೂಟ ಒಟ್ಟಿಗೆ ಕೂರೋದು ಅಪರೂಪ. ಕೂರಿಸು. ಪ್ರೌಢಶಾಲೆಯ ಇಂಗ್ಲಿಷ್ ಮೇಷ್ಟ್ರಿಗೆ ಪಕ್ಕದ ಪ್ರಾಥಮಿಕ ಶಾಲೆಯ ಶಿಕ್ಷಕಿ ಪರಿಚಯ ಆದರೆ ನೀನು ವಾಪಸ್ ಬಂದ ಮೇಲೂ ಅವರಿಬ್ಬರೂ ಅಲ್ಲೇ ಇರ್ತಾರೆ.”

ಮೊದಲ ಪತ್ರದಲ್ಲಿ ಏನು ಬರೆಯಲಿ ಎಂದು ಅವನು ಕೇಳಿದ. ಎರಡು ಪ್ರಶ್ನೆ ಬರಿ ಎಂದರು: ಇಂಗ್ಲಿಷ್ ಕೂಟ ವಾರದ ಯಾವ ದಿನ ಸೇರುತ್ತದೆ, ಕೆಕೆಜಿಯ ಮುಖ್ಯಸ್ಥರು ಯಾರು. ಅವನು ಫೋನಿನಲ್ಲಿ ಟೈಪು ಮಾಡತೊಡಗಿದಾಗ ಆಕೆಗೆ ಇನ್ನೊಂದು ನೆನಪಾಯಿತು.

“ವೀಸಾ ವಿಷಯನೂ ಇದರಲ್ಲೇ ಕೇಳಿಬಿಡು. ಪ್ರವಾಸಿ ವೀಸಾದಲ್ಲಿ ಹೋಗಿ ಪಾಠ ಮಾಡೋ ಹಾಗಿಲ್ಲ. ಕರೆಸಿಕೊಳ್ಳೋ ಸಂಸ್ಥೆ ಅಲ್ಲಿಂದ ಕಾಗದಪತ್ರ ಮಾಡಿಸಬೇಕು, ಅದಕ್ಕೆ ಸಮಯ ಹಿಡಿಯುತ್ತೆ. ಜುಲೈಗೆ ಅಲ್ಲಿರಬೇಕು ಅಂದರೆ ಇವತ್ತೇ ಕಳಿಸು.”